ಹವಾಮಾನ ಸಂಧಾನದಲ್ಲಿ ಭಾರತದ ನಿಲುವು: ದೇಶದೊಳಗಿನ ಚರ್ಚೆಯ ಪಾತ್ರ

೧

ಅಂತರರಾಷ್ಟ್ರೀಯ ಸಂಧಾನಗಳ ಚರಿತ್ರೆಯನ್ನು ಸಭೆ ನೆರೆದ ನಗರಗಳ ಹೆಸರು ಹಿಡಿದು ಹೇಳುವುದು ರೂಢಿ. ಹವಾಮಾನ ಬದಲಾವಣೆಯ ವಿಷಯದಲ್ಲಿಯೂ ರಿಯೋ, ಬರ್ಲಿನ್, ಕ್ಯೋಟೋ, ಕೋಪನ್‌ಹೇಗನ್, ಪ್ಯಾರಿಸ್ ಎಂಬ ಕ್ರಮ ಈಗಾಗಲೇ ನೆಲೆಗೊಂಡಿದೆ. ಈ ಕ್ರಮದಿಂದ ಮುಖ್ಯವಾದ ಒಂದು ಸಂಗತಿ ಮರೆಯಾಗುತ್ತದೆ. ಪ್ರತಿನಿಧಿಗಳು ಆ ಸಭೆಗಳಲ್ಲಿ ಆಡಿದ ಮಾತು ಅವರವರ ದೇಶದಲ್ಲಿ ಮೊದಲೇ ಚರ್ಚೆಗೆ ಬಂದು, ಖಂಡನೆಗೆ ಗುರಿಯಾಗಿ, ತಿದ್ದುಪಡಿಗೊಂಡು ರೂಪುತಳೆದ ಮಾತಾಗಿರುವುದುಂಟು. ಆ ಚರ್ಚೆಯನ್ನು ಬಿಟ್ಟು ಸಂಧಾನವನ್ನು ಮಾತ್ರ ನೋಡಿದರೆ ಒಂದು ರಾಷ್ಟ್ರ ಏಕೆ ಒಂದು ಮಾತಿಗೆ ಅಂಟಿಕೊಂಡಿತು, ಇನ್ನೊಂದನ್ನು ಏಕೆ ಸುಲಭವಾಗಿ ಬಿಟ್ಟುಕೊಟ್ಟಿತು ಎಂಬುದು ಅರ್ಥವಾಗುವುದಿಲ್ಲ.

ಅಮೆರಿಕದ ಉದಾಹರಣೆ ಪ್ರಸಿದ್ಧವಾದುದು. ೧೯೯೭ರ ಜುಲೈ ತಿಂಗಳಿನಲ್ಲಿ ಅಲ್ಲಿಯ ಸೆನೆಟ್ ಸಭೆ ೯೫ ಮತಗಳಿಂದ, ಒಂದು ವಿರೋಧ ಮತವೂ ಇಲ್ಲದೆ, ಒಂದು ನಿರ್ಣಯವನ್ನು ಅಂಗೀಕರಿಸಿತು. ಹಿಂದುಳಿದ ರಾಷ್ಟ್ರಗಳೂ ಅದೇ ಅವಧಿಯಲ್ಲಿ ನಿರ್ಬಂಧಕ್ಕೆ ಒಳಪಡದಿದ್ದರೆ ಅಮೆರಿಕ ಯಾವ ಒಪ್ಪಂದಕ್ಕೂ ಸಹಿ ಹಾಕಬಾರದೆಂಬುದು ಅದರ ಸಾರ. ಅದೇ ವರ್ಷದ ಡಿಸೆಂಬರಿನಲ್ಲಿ ಕ್ಯೋಟೋ ಒಪ್ಪಂದ ಸಿದ್ಧವಾಯಿತು. ಅಮೆರಿಕದ ಸರ್ಕಾರ ಸಹಿ ಹಾಕಿದರೂ ಅದನ್ನು ಸೆನೆಟ್ಟಿನ ಮುಂದಿಡುವ ಧೈರ್ಯ ಮಾಡಲಿಲ್ಲ. ೨೦೦೧ರಲ್ಲಿ ಅದನ್ನು ಕೈಬಿಟ್ಟಿತು. ಕ್ಯೋಟೋ ಸಭೆಯ ಫಲ ವಾಷಿಂಗ್ಟನ್ನಿನಲ್ಲಿ ಐದು ತಿಂಗಳ ಮುಂಚೆಯೇ ನಿರ್ಣಯವಾಗಿತ್ತೆಂದರೆ ತಪ್ಪಾಗಲಾರದು.

ಭಾರತದಲ್ಲಿ ಇಂತಹ ಚರ್ಚೆ ನಡೆದ ಸ್ಥಳ ಮುಖ್ಯವಾಗಿ ದೆಹಲಿ. ಅದರ ರೀತಿ ಅಮೆರಿಕದ್ದಕ್ಕಿಂತ ಭಿನ್ನವಾಗಿತ್ತು. ಇಲ್ಲಿ ವಾದವನ್ನು ಆರಂಭಿಸಿದ್ದು ಶಾಸನಸಭೆಯಲ್ಲ. ಒಂದು ಸಣ್ಣ ಖಾಸಗಿ ಸಂಸ್ಥೆ ಮತ್ತು ಒಂದು ಪ್ರಯೋಗಶಾಲೆ. ಸರ್ಕಾರ ಅವುಗಳಿಂದ ವಾದವನ್ನು ಎರವಲಾಗಿ ಪಡೆಯಿತು. ಎರವಲು ತಂದ ವಸ್ತುವಿಗೆ ಕೊಟ್ಟವನ ಹಕ್ಕು ಉಳಿದಿರುತ್ತದೆಯಷ್ಟೆ. ಇಲ್ಲಿಯೂ ಮುಂದೆ ಹಾಗೆಯೇ ಆಯಿತು.

೨

ಇದರ ಪೂರ್ವಪೀಠಿಕೆಯನ್ನು ೧೯೭೨ರಲ್ಲಿ ಕಾಣಬಹುದು. ಆ ವರ್ಷದ ಜೂನಿನಲ್ಲಿ ಸ್ಟಾಕ್‌ಹೋಮಿನಲ್ಲಿ ವಿಶ್ವಸಂಸ್ಥೆ ಕರೆದಿದ್ದ ಪರಿಸರ ಸಮ್ಮೇಳನಕ್ಕೆ ಇಂದಿರಾ ಗಾಂಧಿಯವರು ಹೋಗಿದ್ದರು. ಆತಿಥೇಯ ದೇಶವಾದ ಸ್ವೀಡನ್ನಿನ ಪ್ರಧಾನಿಯನ್ನು ಬಿಟ್ಟರೆ ಅಲ್ಲಿಗೆ ಬಂದ ಸರ್ಕಾರದ ಮುಖ್ಯಸ್ಥರು ಅವರೊಬ್ಬರೇ. ಬಡತನದ ಪ್ರಶ್ನೆಯನ್ನು ಬಿಟ್ಟು ಪರಿಸರದ ಪ್ರಶ್ನೆಯನ್ನು ವಿಚಾರಿಸಲಾಗದು ಎಂಬುದು ಅವರ ಭಾಷಣದ ತಿರುಳು. ಆದರೆ ಅಂದು ಈ ಮಾತಿಗೆ ಲೆಕ್ಕಪತ್ರದ ಬೆಂಬಲವಿರಲಿಲ್ಲ. ಅದು ನೈತಿಕವಾದ ನಿವೇದನೆಯಾಗಿಯೇ ಉಳಿಯಿತು.

ಮುಂದಿನ ಹತ್ತು ವರ್ಷಗಳಲ್ಲಿ ದೇಶದೊಳಗೆ ಪರಿಸರದ ಮಾತು ಬೇರೊಂದು ಬಗೆಯಲ್ಲಿ ಬೆಳೆಯಿತು. ೧೯೭೩ರಲ್ಲಿ ಗಢವಾಲದ ಚಿಪ್ಕೋ, ೧೯೮೩ರಲ್ಲಿ ಶಿರಸಿಯ ಸೀಮೆಯ ಅಪ್ಪಿಕೋ, ಇವೆರಡೂ ಕಾಡನ್ನು ನೋಡಿದ್ದು ಅದನ್ನು ನಂಬಿ ಬದುಕುವವರ ಕಣ್ಣಿನಿಂದ. ಮರ ಯಾರ ಪ್ರಯೋಜನಕ್ಕೆ ಬೀಳುತ್ತದೆ, ಬಿದ್ದರೆ ನಷ್ಟ ಯಾರಿಗೆ ಎಂಬುದೇ ಅವರ ಪ್ರಶ್ನೆ. ೧೯೮೦ರಲ್ಲಿ ಅನಿಲ್ ಅಗರ್ವಾಲರು ದೆಹಲಿಯಲ್ಲಿ ಸ್ಥಾಪಿಸಿದ ವಿಜ್ಞಾನ ಮತ್ತು ಪರಿಸರ ಕೇಂದ್ರ ಈ ದೃಷ್ಟಿಯನ್ನು ಅಂಕಿ ಅಂಶಗಳೊಡನೆ ಸೇರಿಸಿತು. ದೇಶದ ಪರಿಸರಸ್ಥಿತಿಯನ್ನು ಕುರಿತು ಈ ಸಂಸ್ಥೆ ೧೯೮೨ರಲ್ಲಿ ಹೊರತಂದ ಪ್ರಜಾವರದಿಯನ್ನು ಡಾ. ಶಿವರಾಮ ಕಾರಂತರು ಕನ್ನಡಕ್ಕೆ ತಂದರು. ಹೀಗಾಗಿ ದೆಹಲಿಯ ಈ ವಿಚಾರಧಾರೆ ಕನ್ನಡ ಓದುಗರಿಗೆ ಮೊದಲಿನಿಂದಲೂ ಅಪರಿಚಿತವಾಗಿರಲಿಲ್ಲ. ನೆಲ, ನೀರು, ಕಾಡುಗಳ ಮೇಲೆ ಯಾರ ಹಕ್ಕು ಎಷ್ಟು ಎಂದು ಕೇಳಲು ಕಲಿತ ಈ ವಲಯವೇ ಮುಂದೆ ಆಕಾಶದ ಮೇಲಿನ ಹಕ್ಕನ್ನು ಕುರಿತೂ ಅದೇ ಪ್ರಶ್ನೆಯನ್ನು ಕೇಳಿತು.

೩

ಅದಕ್ಕೆ ಸಂದರ್ಭ ಒದಗಿದ್ದು ೧೯೯೦ರಲ್ಲಿ. ಆ ವರ್ಷ ವಾಷಿಂಗ್ಟನ್ನಿನ ವರ್ಲ್ಡ್ ರಿಸೋರ್ಸಸ್ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆ, ಭೂಮಿಯ ತಾಪವನ್ನು ಹೆಚ್ಚಿಸುವ ಹಸಿರುಮನೆ ಅನಿಲಗಳನ್ನು ಯಾವ ರಾಷ್ಟ್ರ ಎಷ್ಟು ಹೊರಬಿಡುತ್ತಿದೆ ಎಂಬ ಪಟ್ಟಿಯೊಂದನ್ನು ಪ್ರಕಟಿಸಿತು. ಅದರಲ್ಲಿ ಭಾರತಕ್ಕೆ ಐದನೆಯ ಸ್ಥಾನ ದೊರೆಯಿತು. ಹವಾಮಾನ ಒಡಂಬಡಿಕೆಯ ಸಂಧಾನ ಇನ್ನೇನು ಆರಂಭವಾಗಲಿದ್ದ ಸಮಯ ಅದು. ಪಟ್ಟಿ ಹಾಗೆಯೇ ಒಪ್ಪಿತವಾಗಿದ್ದರೆ ಭಾರತ ಸಂಧಾನಕ್ಕೆ ಕೂರುವ ಮುನ್ನವೇ ಅಪರಾಧಿಗಳ ಸಾಲಿನಲ್ಲಿ ನಿಲ್ಲಬೇಕಾಗುತ್ತಿತ್ತು.

೧೯೯೧ರ ಆದಿಯಲ್ಲಿ ಅನಿಲ್ ಅಗರ್ವಾಲ್ ಮತ್ತು ಸುನೀತಾ ನಾರಾಯಣ್ ಇದಕ್ಕೆ ಉತ್ತರವಾಗಿ ಒಂದು ಪುಸ್ತಿಕೆಯನ್ನು ಬರೆದರು. ಅಸಮಾನ ಜಗತ್ತಿನಲ್ಲಿ ಭೂತಾಪದ ಏರಿಕೆ ಎಂಬುದು ಅದರ ವಿಷಯ. ಪಟ್ಟಿಯ ಹಿಂದಿದ್ದ ಮನೋಭಾವವನ್ನು ಅವರು ಪರಿಸರ ವಸಾಹತುಶಾಹಿ ಎಂದು ಕರೆದರು. ಅವರ ಮುಖ್ಯ ಆಕ್ಷೇಪಣೆ ಲೆಕ್ಕದ ವಿಧಾನವನ್ನು ಕುರಿತದ್ದು. ಸಮುದ್ರವೂ ಕಾಡೂ ಪ್ರತಿವರ್ಷ ಒಂದಿಷ್ಟು ಅನಿಲವನ್ನು ಹೀರಿಕೊಳ್ಳುತ್ತವೆ. ಈ ಹೀರುವ ಶಕ್ತಿ ಯಾರ ಪಾಲಿಗೆ ಎಷ್ಟು ಸಲ್ಲಬೇಕು? ವಾಷಿಂಗ್ಟನ್ನಿನ ಲೆಕ್ಕದಲ್ಲಿ ಹೆಚ್ಚು ಅನಿಲ ಬಿಟ್ಟವರಿಗೆ ಹೆಚ್ಚಿನ ಪಾಲು ಸಂದಿತ್ತು. ಊರ ಕೆರೆಯ ನೀರನ್ನು ಹಂಚುವಾಗ ಈವರೆಗೆ ಯಾರು ಹೆಚ್ಚು ಎತ್ತಿದರೋ ಅವರಿಗೇ ಹೆಚ್ಚು ಸಲ್ಲಬೇಕೆಂದಂತೆ ಇದು. ಜನಸಂಖ್ಯೆಗೆ ತಕ್ಕಂತೆ ಹಂಚಿದರೆ ಭಾರತ ತನ್ನ ಪಾಲಿನ ಮಿತಿಯನ್ನು ಮೀರಿಯೇ ಇಲ್ಲವೆಂದು ಪುಸ್ತಿಕೆ ತೋರಿಸಿತು. ಇದರೊಂದಿಗೆ ಇನ್ನೊಂದು ಭೇದವನ್ನೂ ಅದು ಕಲ್ಪಿಸಿತು. ಬಡವನ ಗದ್ದೆಯಿಂದ ಏಳುವ ಅನಿಲ ಅವನ ಜೀವನಾಧಾರಕ್ಕೆ ಸಂಬಂಧಿಸಿದ್ದು; ಶ್ರೀಮಂತನ ಮೋಟಾರಿನಿಂದ ಹೊರಡುವುದು ಭೋಗಕ್ಕೆ ಸಂಬಂಧಿಸಿದ್ದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ ಎಂಬುದು ಅವರ ವಾದ.

ಗದ್ದೆಯ ಪ್ರಶ್ನೆಗೆ ಪ್ರಯೋಗಶಾಲೆಯಿಂದಲೂ ಉತ್ತರ ಬಂತು. ನಿಂತ ನೀರಿನ ಕೆಳಗೆ ಗಾಳಿ ತಾಗದ ಮಣ್ಣಿನಲ್ಲಿ ಸೂಕ್ಷ್ಮಜೀವಿಗಳು ಕೊಳೆತ ವಸ್ತುವನ್ನು ಜೀರ್ಣಿಸಿಕೊಂಡಾಗ ಮೀಥೇನ್ ಅನಿಲ ಹುಟ್ಟುತ್ತದೆ. ವಿದೇಶದ ಕೆಲವು ಗದ್ದೆಗಳಲ್ಲಿ ಅಳೆದ ಪ್ರಮಾಣವನ್ನು ಭಾರತದ ಭತ್ತದ ನೆಲಕ್ಕೆಲ್ಲ ಅನ್ವಯಿಸಿ, ವರ್ಷಕ್ಕೆ ೩೦ ದಶಲಕ್ಷ ಟನ್ನಿಗೂ ಹೆಚ್ಚು ಮೀಥೇನ್ ಇಲ್ಲಿಂದ ಹೊರಡುತ್ತದೆಂದು ಅಂದಾಜು ಮಾಡಲಾಗಿತ್ತು. ಗದ್ದೆಗಳೆಲ್ಲ ಒಂದೇ ಬಗೆಯವಲ್ಲವೆಂಬುದು ನಮ್ಮ ಕರಾವಳಿಯ ಯಾವ ಒಕ್ಕಲಿಗನಿಗೂ ತಿಳಿದ ಸಂಗತಿ. ಮಳೆಯನ್ನೇ ನಂಬಿದ ಬೆಟ್ಟುಗದ್ದೆ, ನಡುಮಟ್ಟದ ಮಜಲು, ಸದಾ ನೀರು ನಿಲ್ಲುವ ಬೈಲು ಇವುಗಳ ಮಣ್ಣಿನ ಸ್ವಭಾವ ಬೇರೆ ಬೇರೆ. ನೀರು ಆರಿದ ಗದ್ದೆಯಲ್ಲಿ ಮೀಥೇನ್ ಹುಟ್ಟುವುದು ನಿಂತುಹೋಗುತ್ತದೆ. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಎ. ಪಿ. ಮಿತ್ರ ಅವರ ಮುಂದಾಳುತನದಲ್ಲಿ ೧೯೯೧ರಲ್ಲಿ ದೇಶದ ನಾನಾ ಭಾಗಗಳ ಗದ್ದೆಗಳಲ್ಲಿ ಅಳತೆಗಳು ನಡೆದವು. ಬಂದ ಫಲ ವರ್ಷಕ್ಕೆ ಸುಮಾರು ೪ ದಶಲಕ್ಷ ಟನ್. ಮುಂದೆ ೨೦೧೦ರಲ್ಲಿ ಸರ್ಕಾರ ಪ್ರಕಟಿಸಿದ ೨೦೦೭ನೆಯ ವರ್ಷದ ಲೆಕ್ಕದಲ್ಲಿ ಇದು ಸುಮಾರು ೩.೩ ದಶಲಕ್ಷ ಟನ್ನೆಂದು ನಮೂದಾಗಿದೆ. ಹೊರಗಿನವರ ಅಂದಾಜು ಎಷ್ಟು ಉಬ್ಬಿತ್ತೆಂಬುದು ಇದರಿಂದ ಸ್ಪಷ್ಟ.

೪

ಭಾರತದ ನಿಲುವಿಗೆ ಈ ಪುಸ್ತಿಕೆಯೊಂದೇ ಮೂಲವೆಂದರೆ ಅತಿಶಯೋಕ್ತಿಯಾದೀತು. ಸಮಾನತೆಯ ವಾದ ವಿದೇಶಾಂಗ ಸಚಿವಾಲಯಕ್ಕೆ ಹೊಸದಾಗಿರಲಿಲ್ಲ. ಓಝೋನ್ ಪದರವನ್ನು ಕುರಿತ ಒಪ್ಪಂದದ ಸಂದರ್ಭದಲ್ಲಿ, ೧೯೯೦ರಲ್ಲಿ, ಹಣ ಮತ್ತು ತಂತ್ರಜ್ಞಾನದ ನೆರವಿಲ್ಲದೆ ಬಡರಾಷ್ಟ್ರಗಳು ಹೊರೆ ಹೊರಲಾರವೆಂದು ಭಾರತ ಪಟ್ಟು ಹಿಡಿದಿತ್ತು. ಆದರೆ ಹವಾಮಾನದ ವಿಷಯದಲ್ಲಿ ಆ ವಾದಕ್ಕೆ ಅಂಕಿಯನ್ನೂ ಹೆಸರನ್ನೂ ಒದಗಿಸಿದ್ದು ದೆಹಲಿಯ ಸಾರ್ವಜನಿಕ ಚರ್ಚೆ. ೧೯೯೧ರಲ್ಲಿ ಆರಂಭವಾದ ಸಂಧಾನದಲ್ಲಿ ಚಂದ್ರಶೇಖರ ದಾಸ್‌ಗುಪ್ತ ಮೊದಲಾದವರು ಭಾರತದ ಪರವಾಗಿ, ಎಲ್ಲ ರಾಷ್ಟ್ರಗಳ ತಲಾ ವಿಸರ್ಜನೆ ಕ್ರಮೇಣ ಒಂದೇ ಮಟ್ಟಕ್ಕೆ ಬಂದು ಸೇರಬೇಕೆಂಬ ತತ್ತ್ವವನ್ನು ಮುಂದಿಟ್ಟರು.

ಆ ತತ್ತ್ವ ಪೂರ್ಣವಾಗಿ ಗೆಲ್ಲಲಿಲ್ಲ. ೧೯೯೨ರ ಜೂನಿನಲ್ಲಿ ರಿಯೋದಲ್ಲಿ ಸಹಿಗೆ ಬಂದ ಒಡಂಬಡಿಕೆಯ ಪೀಠಿಕೆಯಲ್ಲಿ, ಬಡರಾಷ್ಟ್ರಗಳ ತಲಾ ವಿಸರ್ಜನೆ ಇನ್ನೂ ಕಡಿಮೆಯೆಂಬ ಒಂದು ಮಾತು ಸೇರಿತು. ಮೂರನೆಯ ವಿಧಿಯಲ್ಲಿ ಹೊಣೆ ಎಲ್ಲರದಾದರೂ ಅದರ ಭಾರ ಒಂದೇ ಸಮನಲ್ಲವೆಂಬ ನಿಯಮ ಬಂತು. ಸಮಾನ ಹಕ್ಕಿನ ಮಾತು ವಿಧಿಯಾಗಿ ಸೇರಲಿಲ್ಲ. ೧೯೯೫ರ ಬರ್ಲಿನ್ ಸಭೆಯಲ್ಲಿ ಬಡರಾಷ್ಟ್ರಗಳಿಗೆ ಹೊಸ ನಿರ್ಬಂಧ ಬೇಡವೆಂಬ ತೀರ್ಮಾನವಾದಾಗ ಭಾರತದ ಪಾತ್ರ ಗಣನೀಯವಾಗಿತ್ತು.

೨೦೦೨ರ ಅಕ್ಟೋಬರಿನಲ್ಲಿ ಒಡಂಬಡಿಕೆಯ ಎಂಟನೆಯ ಸಭೆ ದೆಹಲಿಯ ವಿಜ್ಞಾನ ಭವನದಲ್ಲಿಯೇ ಸೇರಿತು. ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿಯವರು ಮಾತನಾಡುತ್ತ, ಜಗತ್ತಿನ ಪರಿಸರ ಸಂಪತ್ತಿನ ಮೇಲೆ ಪ್ರತಿಯೊಬ್ಬ ಮನುಷ್ಯನಿಗೂ ಸಮಾನ ಹಕ್ಕು ಇರುವುದರ ಹೊರತು ಬೇರೆ ಯಾವ ನಿಯಮವೂ ಪ್ರಜಾಪ್ರಭುತ್ವದ ಧರ್ಮಕ್ಕೆ ಒಪ್ಪದು ಎಂಬ ಅರ್ಥದ ಮಾತನ್ನು ಆಡಿದರು. ಹನ್ನೊಂದು ವರ್ಷಗಳ ಹಿಂದೆ ಖಾಸಗಿ ಪುಸ್ತಿಕೆಯೊಂದರಲ್ಲಿ ಬಂದ ವಾದ ಹೀಗೆ ದೇಶದ ಅಧಿಕೃತ ವಾಣಿಯಾಯಿತು. ಅದನ್ನು ಕೇಳಲು ಅನಿಲ್ ಅಗರ್ವಾಲರು ಇರಲಿಲ್ಲ. ಅದೇ ವರ್ಷದ ಜನವರಿಯಲ್ಲಿ ಅವರು ತೀರಿಕೊಂಡಿದ್ದರು.

೫

ಅದೇ ದಿನಗಳಲ್ಲಿ ವಿಜ್ಞಾನ ಭವನದ ಹೊರಗೆ ಇನ್ನೊಂದು ಸಭೆಯೂ ಸೇರಿತ್ತು. ರೈತರು, ಮೀನುಗಾರರು, ಕಾಡಿನ ನಿವಾಸಿಗಳು ಮೊದಲಾದವರು ಕೂಡಿ ಹವಾಮಾನ ನ್ಯಾಯದ ಹೆಸರಿನಲ್ಲಿ ತಮ್ಮದೇ ಘೋಷಣೆಯನ್ನು ಹೊರಡಿಸಿದರು. ಯಾರ ಹೆಸರಿನಲ್ಲಿ ಒಳಗೆ ವಾದ ನಡೆಯುತ್ತಿತ್ತೋ ಅವರು ಬೀದಿಯಲ್ಲಿದ್ದರೆಂಬುದು ಗಮನಾರ್ಹ. ರಾಷ್ಟ್ರ ರಾಷ್ಟ್ರಗಳ ನಡುವೆ ಕೇಳುವ ನ್ಯಾಯವನ್ನು ರಾಷ್ಟ್ರದೊಳಗೂ ಕೇಳಬಹುದಲ್ಲವೆ ಎಂಬ ಪ್ರಶ್ನೆ ಅಲ್ಲಿಂದ ಮುಂದೆ ಬಲವಾಯಿತು.

೨೦೦೭ರ ಜೂನಿನಲ್ಲಿ ಜರ್ಮನಿಯ ಹೈಲಿಗೆನ್‌ಡಾಮ್ ಸಭೆಯಲ್ಲಿ ಪ್ರಧಾನಿ ಮನಮೋಹನ್ ಸಿಂಗ್ ಅವರು, ಭಾರತದ ತಲಾ ವಿಸರ್ಜನೆ ಮುಂದುವರಿದ ರಾಷ್ಟ್ರಗಳ ತಲಾ ವಿಸರ್ಜನೆಯನ್ನು ಎಂದಿಗೂ ಮೀರದೆಂದು ಮಾತು ಕೊಟ್ಟರು. ಅದೇ ವರ್ಷದ ನವೆಂಬರಿನಲ್ಲಿ ಗ್ರೀನ್‌ಪೀಸ್ ಸಂಸ್ಥೆಯ ಭಾರತ ಶಾಖೆ ಒಂದು ವರದಿಯನ್ನು ಪ್ರಕಟಿಸಿತು. ತಿಂಗಳಿಗೆ ೩೦,೦೦೦ ರೂಪಾಯಿಗಿಂತ ಹೆಚ್ಚು ಆದಾಯವುಳ್ಳವರ ವಿಸರ್ಜನೆ ೩,೦೦೦ ರೂಪಾಯಿಗಿಂತ ಕಡಿಮೆ ಆದಾಯದವರದಕ್ಕಿಂತ ಸುಮಾರು ೪.೫ ಪಟ್ಟು ಹೆಚ್ಚೆಂದು ಅದು ಲೆಕ್ಕ ಕೊಟ್ಟಿತು. ಬಡವರು ಬಹುಸಂಖ್ಯಾತರಾದುದರಿಂದಲೇ ದೇಶದ ಸರಾಸರಿ ಕಡಿಮೆ. ಆ ಸರಾಸರಿಯ ಮರೆಯಲ್ಲಿ ಅನುಕೂಲವಂತರು ಅಡಗಿದ್ದಾರೆಂಬುದು ಅದರ ಆರೋಪ. ಪುಸ್ತಿಕೆಯ ತಕ್ಕಡಿಯೇ ಈಗ ದೇಶದೊಳಗೆ ತೂಗತೊಡಗಿತು. ೨೦೦೮ರ ಜೂನ್ ೩೦ರಂದು ಸರ್ಕಾರ ಎಂಟು ಅಭಿಯಾನಗಳನ್ನೊಳಗೊಂಡ ರಾಷ್ಟ್ರೀಯ ಕಾರ್ಯಯೋಜನೆಯನ್ನು ಹೊರಡಿಸಿತು. ಹೊರಗಿನ ಒತ್ತಾಯದೊಂದಿಗೆ ಒಳಗಿನ ಈ ಪ್ರಶ್ನೆಯೂ ಆ ಕಾಲದ ವಾತಾವರಣದಲ್ಲಿತ್ತೆಂಬುದನ್ನು ಮರೆಯುವಂತಿಲ್ಲ.

೬

ದೇಶದೊಳಗಿನ ಚರ್ಚೆ ಸಂಧಾನಕಾರನ ಕೈಗೆ ಬಲ ಕೊಡುವಂತೆಯೇ ಅವನಿಗೆ ಕಡಿವಾಣವನ್ನೂ ಹಾಕುತ್ತದೆಂಬುದಕ್ಕೆ ೨೦೦೯ನೆಯ ವರ್ಷ ಉತ್ತಮ ನಿದರ್ಶನ. ಆ ವರ್ಷದ ಮೇ ತಿಂಗಳಲ್ಲಿ ಪರಿಸರ ಖಾತೆಯನ್ನು ವಹಿಸಿಕೊಂಡವರು ಚಿಕ್ಕಮಗಳೂರಿನಲ್ಲಿ ಹುಟ್ಟಿದ ಜೈರಾಂ ರಮೇಶ್. ಜುಲೈ ತಿಂಗಳಿನಲ್ಲಿ, ದೆಹಲಿಗೆ ಹೊಂದಿಕೊಂಡ ಗುರುಗ್ರಾಮದಲ್ಲಿ, ಅಮೆರಿಕದ ವಿದೇಶಾಂಗ ಸಚಿವೆ ಹಿಲರಿ ಕ್ಲಿಂಟನ್ ಅವರ ಎದುರಿನಲ್ಲಿಯೇ, ಕನಿಷ್ಠ ತಲಾ ವಿಸರ್ಜನೆಯ ದೇಶಗಳಲ್ಲೊಂದಾದ ಭಾರತದ ಮೇಲೆ ಒತ್ತಡ ಹೇರುವುದಕ್ಕೆ ಆಧಾರವಿಲ್ಲವೆಂದು ಅವರು ಸ್ಪಷ್ಟವಾಗಿ ಹೇಳಿದರು. ದೇಶ ಇದನ್ನು ಮೆಚ್ಚಿತು.

ಅಕ್ಟೋಬರಿನಲ್ಲಿ ಅವರು ಪ್ರಧಾನಿಗೆ ಬರೆದ ಪತ್ರವೊಂದು ಪತ್ರಿಕೆಯಲ್ಲಿ ಬಹಿರಂಗವಾಯಿತು. ಬಡರಾಷ್ಟ್ರಗಳ ಗುಂಪಿಗೇ ಅಂಟಿಕೊಳ್ಳದೆ, ಹಣದ ನೆರವಿಗೆ ಕಾಯದೆ, ಭಾರತ ತಾನಾಗಿ ಕೆಲವು ಹೆಜ್ಜೆಗಳನ್ನಿಡಬಹುದೆಂಬ ಧಾಟಿ ಅದರಲ್ಲಿತ್ತು. ಕೂಡಲೆ ದೊಡ್ಡ ಕೋಲಾಹಲವೆದ್ದಿತು. ಸಮಾನ ನ್ಯಾಯದ ಮಾತನ್ನು ಸರ್ಕಾರ ಬಿಟ್ಟುಕೊಡುತ್ತಿದೆಯೆಂದು ವಿರೋಧಪಕ್ಷಗಳೂ ಹಿರಿಯ ಸಂಧಾನಕಾರರೂ ಆಕ್ಷೇಪಿಸಿದರು. ಸಚಿವರು ವಿವರಣೆ ಕೊಡಬೇಕಾಯಿತು. ನವೆಂಬರ್ ಕೊನೆಯಲ್ಲಿ ಚೀನಾ ತನ್ನ ಗುರಿಯನ್ನು ಪ್ರಕಟಿಸಿದ ಮೇಲೆ, ಡಿಸೆಂಬರ್ ೩ರಂದು ಲೋಕಸಭೆಯಲ್ಲಿ ಭಾರತದ ಗುರಿಯೂ ಹೊರಬಂತು. ರಾಷ್ಟ್ರೀಯ ಉತ್ಪನ್ನದ ಪ್ರತಿಯೊಂದು ಘಟಕಕ್ಕೆ ತಗಲುವ ವಿಸರ್ಜನೆಯನ್ನು ೨೦೦೫ರ ಮಟ್ಟಕ್ಕಿಂತ ೨೦೨೦ರ ವೇಳೆಗೆ ನೂರಕ್ಕೆ ೨೦ರಿಂದ ೨೫ರಷ್ಟು ತಗ್ಗಿಸುವುದೆಂದು ಸಚಿವರು ಹೇಳಿದರು. ಆ ಘೋಷಣೆಯೊಂದಿಗೇ ದಾಟಬಾರದ ಗೆರೆಗಳನ್ನೂ ಅವರು ಸಭೆಗೆ ತಿಳಿಸಬೇಕಾಯಿತು: ಕಾನೂನಿನ ಬಂಧನವುಳ್ಳ ಕಡಿತಕ್ಕೆ ಒಪ್ಪುವುದಿಲ್ಲ; ವಿಸರ್ಜನೆ ಇಂಥ ವರ್ಷದಿಂದ ಇಳಿಮುಖವಾಗುವುದೆಂದು ಬರೆದುಕೊಡುವುದಿಲ್ಲ. ಕೋಪನ್‌ಹೇಗನ್ನಿನಿಂದ ಹಿಂದಿರುಗಿದ ಮೇಲೆ, ಡಿಸೆಂಬರ್ ೨೨ರಂದು, ರಾಜ್ಯಸಭೆಯಲ್ಲಿ ವಿರೋಧಪಕ್ಷದ ನಾಯಕ ಅರುಣ್ ಜೇಟ್ಲಿಯವರು ಒಪ್ಪಂದದ ಪದಪದವನ್ನೂ ಬಿಡಿಸಿ ಪ್ರಶ್ನಿಸಿದರು. ೨೦೧೦ರಲ್ಲಿ ಕಾನ್‌ಕೂನ್ ಸಭೆಯಲ್ಲಿ, ತಕ್ಕ ಕಾನೂನು ರೂಪದಲ್ಲಿ ಎಲ್ಲ ರಾಷ್ಟ್ರಗಳೂ ಬದ್ಧತೆಗೆ ಒಳಗಾಗಬೇಕೆಂಬರ್ಥದ ಮಾತನ್ನು ಸಚಿವರು ಆಡಿದಾಗ ಮತ್ತೆ ಅದೇ ವಿರೋಧವೆದ್ದು, ಅವರು ಸಂಸತ್ಸದಸ್ಯರಿಗೆ ಪತ್ರಮುಖೇನ ಸಮಾಧಾನ ಹೇಳಬೇಕಾಯಿತು. ಮರುವರ್ಷ ಡರ್ಬನ್ನಿನಲ್ಲಿ ಹೊಸ ಸಚಿವೆ ಜಯಂತಿ ನಟರಾಜನ್ ಸಮಾನ ನ್ಯಾಯದ ಮಾತನ್ನೇ ಮುಂದುಮಾಡಿ ವಾದಿಸಿದ್ದು ಆಕಸ್ಮಿಕವಲ್ಲ.

ಇದೇ ಕಾಲದ ಇನ್ನೊಂದು ವಿವಾದ ಹಿಮಾಲಯದ ಹಿಮನದಿಗಳದು. ೨೦೩೫ರ ವೇಳೆಗೆ ಅವು ಕಣ್ಮರೆಯಾಗಬಹುದೆಂದು ಹವಾಮಾನ ಬದಲಾವಣೆಯ ಅಂತರಸರ್ಕಾರಿ ಮಂಡಲಿಯ ೨೦೦೭ರ ವರದಿಯಲ್ಲಿ ಬಂದಿತ್ತು. ಭೂವಿಜ್ಞಾನಿ ವಿ. ಕೆ. ರೈನಾ ಅವರು ಸಿದ್ಧಪಡಿಸಿ, ಸಚಿವಾಲಯ ೨೦೦೯ರ ನವೆಂಬರಿನಲ್ಲಿ ಪ್ರಕಟಿಸಿದ ಪ್ರಬಂಧ ಅದಕ್ಕೆ ಆಧಾರ ಸಾಲದೆಂದಿತು. ೨೦೧೦ರ ಜನವರಿಯಲ್ಲಿ ಮಂಡಲಿ ತನ್ನ ತಪ್ಪನ್ನು ಒಪ್ಪಿಕೊಂಡಿತು. ಹಿಮನದಿಗಳು ಕರಗುತ್ತಿಲ್ಲವೆಂದು ಇದರ ಅರ್ಥವಲ್ಲ. ಅವುಗಳಲ್ಲಿ ಹೆಚ್ಚಿನವು ಕುಗ್ಗುತ್ತಿರುವುದು ಸ್ಥಿರಪಟ್ಟಿದೆ. ಗದ್ದೆಯ ಮೀಥೇನ್ ಪ್ರಸಂಗದಂತೆ ಇದೂ ಒಂದು ಪಾಠವನ್ನು ಕಲಿಸಿತು: ಸ್ವಂತ ಅಳತೆಯಿಲ್ಲದ ದೇಶದ ವಾದ ಪರರ ಅಂಕಿಗಳ ಮೇಲೆ ನಿಲ್ಲಬೇಕಾಗುತ್ತದೆ. ೨೦೧೦ರ ನವೆಂಬರಿನಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ವಾಂಸರೂ ಸೇರಿದ ತಂಡವೊಂದು ಹಿಮಾಲಯ, ಪಶ್ಚಿಮಘಟ್ಟ, ಕರಾವಳಿ, ಈಶಾನ್ಯ ಈ ನಾಲ್ಕು ಪ್ರದೇಶಗಳನ್ನು ಕುರಿತು ದೇಶದ್ದೇ ಆದ ಮೌಲ್ಯಮಾಪನವನ್ನು ಹೊರತಂದಿತು.

೭

ಪ್ಯಾರಿಸ್ ಸಭೆಗೆ ಮುನ್ನ, ೨೦೧೫ರ ಅಕ್ಟೋಬರಿನಲ್ಲಿ, ಭಾರತ ತನ್ನ ಗುರಿಯನ್ನು ನೂರಕ್ಕೆ ೩೩ರಿಂದ ೩೫ಕ್ಕೆ ಏರಿಸಿತು. ೨೦೨೧ರಲ್ಲಿ ಗ್ಲಾಸ್ಗೋದಲ್ಲಿ ಪ್ರಧಾನಿ ನರೇಂದ್ರ ಮೋದಿಯವರು ೨೦೭೦ರ ವೇಳೆಗೆ ನಿವ್ವಳ ವಿಸರ್ಜನೆಯನ್ನು ಶೂನ್ಯಕ್ಕೆ ತರುವ ಮಾತು ಕೊಟ್ಟರು. ಅದೇ ಸಭೆಯ ಕೊನೆಯಲ್ಲಿ ಕಲ್ಲಿದ್ದಲಿನ ಬಳಕೆಯನ್ನು ತೊಲಗಿಸುವ ಬದಲು ತಗ್ಗಿಸುವುದೆಂದು ಒಂದು ಪದವನ್ನು ಬದಲಿಸುವಂತೆ ಭಾರತ ಒತ್ತಾಯಿಸಿತು. ೨೦೨೨ರಲ್ಲಿ ಗುರಿ ನೂರಕ್ಕೆ ೪೫ಕ್ಕೆ ಏರಿತು. ೨೦೩೦ರ ವೇಳೆಗೆ ವಿದ್ಯುದುತ್ಪಾದನಾ ಸಾಮರ್ಥ್ಯದ ಅರ್ಧಭಾಗ ಕಲ್ಲಿದ್ದಲು, ತೈಲಗಳಿಗೆ ಹೊರತಾದ ಮೂಲಗಳದಾಗಬೇಕೆಂದು ನಿಶ್ಚಯವಾಯಿತು. ಈ ಅರ್ಧಭಾಗದ ಗುರಿ ಅವಧಿಗೆ ಮುಂಚಿತವಾಗಿಯೇ ಕೈಗೂಡಿತೆಂದು ೨೦೨೫ರಲ್ಲಿ ಸರ್ಕಾರ ಪ್ರಕಟಿಸಿತು.

ಹೊರಗೆ ಕೊಟ್ಟ ಮಾತು ಒಳಗಿನ ವಾದವಾಗಿ ಹಿಂದಿರುಗುವುದನ್ನು ಈಚಿನ ವರ್ಷಗಳಲ್ಲಿ ಕಾಣಬಹುದು. ರಾಜಸ್ಥಾನ ಮತ್ತು ಗುಜರಾತುಗಳಲ್ಲಿ ಅಳಿವಿನಂಚಿನ ಎರ್ಲಡ್ಡು ಹಕ್ಕಿಯ ರಕ್ಷಣೆಗಾಗಿ ವಿದ್ಯುತ್ ತಂತಿಗಳನ್ನು ನೆಲದಡಿ ಹಾಕಬೇಕೆಂದು ೨೦೨೧ರಲ್ಲಿ ಸುಪ್ರೀಂ ಕೋರ್ಟು ಆಜ್ಞಾಪಿಸಿತ್ತು. ಹವಾಮಾನ ಒಡಂಬಡಿಕೆಯಲ್ಲಿ ದೇಶ ಹೊತ್ತ ಹೊಣೆಯನ್ನು ಸರ್ಕಾರ ನ್ಯಾಯಾಲಯದ ಮುಂದೆ ಎತ್ತಿ ಹೇಳಿತು. ೨೦೨೪ರ ಮಾರ್ಚಿನ ತೀರ್ಪಿನಲ್ಲಿ ನ್ಯಾಯಾಲಯ ಆ ಆಜ್ಞೆಯನ್ನು ಸಡಿಲಿಸಿತು. ಜೊತೆಗೆ, ಹವಾಮಾನ ಬದಲಾವಣೆಯ ದುಷ್ಪರಿಣಾಮಗಳಿಂದ ರಕ್ಷಣೆ ಪಡೆಯುವುದು ಪ್ರಜೆಗಳ ಹಕ್ಕೆಂದು ಸಾರಿತು.

ಕರ್ನಾಟಕದಲ್ಲಿ ಈ ಮಾತಿನ ಭಾರ ಬಿದ್ದ ಸ್ಥಳಗಳಲ್ಲಿ ಪಾವಗಡ ಒಂದು. ತುಮಕೂರು ಜಿಲ್ಲೆಯ ಈ ಬರಗಾಲದ ತಾಲ್ಲೂಕಿನಲ್ಲಿ ಸುಮಾರು ೧೩,೦೦೦ ಎಕರೆ ಭೂಮಿಯನ್ನು ರೈತರಿಂದ ಗುತ್ತಿಗೆಗೆ ಪಡೆದು ೨,೦೫೦ ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನವನ್ನು ನಿರ್ಮಿಸಲಾಗಿದೆ. ಮಳೆಯ ಗೊತ್ತಿಲ್ಲದ ನೆಲಕ್ಕೆ ವರ್ಷ ವರ್ಷವೂ ಗುತ್ತಿಗೆಯ ಹಣ ಬರುವುದು ಭೂಮಿಯುಳ್ಳವರಿಗೆ ಲಾಭವೇ ಸರಿ. ಆದರೆ ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ, ಸ್ವಂತ ಭೂಮಿಯಿಲ್ಲದವರಿಗೆ ಗುತ್ತಿಗೆಯೂ ಇಲ್ಲ, ಹೊಲದ ಕೆಲಸವೂ ಇಲ್ಲ. ಜೀವನಾಧಾರಕ್ಕೂ ಭೋಗಕ್ಕೂ ಭೇದವೆಣಿಸಬೇಕೆಂದು ೧೯೯೧ರಲ್ಲಿ ಜಗತ್ತಿಗೆ ಹೇಳಿದ ದೇಶ ತನ್ನ ಊರುಗಳಲ್ಲಿ ಆ ಭೇದವನ್ನು ಎಣಿಸುತ್ತಿದೆಯೇ ಎಂಬುದನ್ನು ಇಂತಹ ಕಡೆ ಪರೀಕ್ಷಿಸಿ ನೋಡಬೇಕು.

ಭಾರತದ ನಿಲುವನ್ನು ರೂಪಿಸಿದ ಚರ್ಚೆ ನಿಜವಾದದ್ದು, ಫಲಕಾರಿಯಾದದ್ದು. ಅದಿಲ್ಲದಿದ್ದರೆ ದೇಶ ಪರರ ಪಟ್ಟಿಗೆ ತಲೆಬಾಗಬೇಕಾಗುತ್ತಿತ್ತು. ಆದರೆ ಅದು ನಡೆದ ವಲಯ ಕಿರಿದು: ದೆಹಲಿಯ ಕೆಲವು ಸಂಸ್ಥೆಗಳು, ಆಂಗ್ಲ ಪತ್ರಿಕೆಗಳು, ಸಂಸತ್ತಿನ ಎರಡು ಸಭೆಗಳು. ಕುಲಾಂತರಿ ಬದನೆಯನ್ನು ಕುರಿತು ೨೦೧೦ರ ಆದಿಯಲ್ಲಿ ಬೆಂಗಳೂರೂ ಸೇರಿ ಏಳು ನಗರಗಳಲ್ಲಿ ಬಹಿರಂಗ ವಿಚಾರಣೆ ನಡೆದು, ಆ ಬೆಳೆಗೆ ತಡೆ ಬಿದ್ದಿತು. ಹವಾಮಾನ ಸಂಧಾನದ ನಿಲುವನ್ನು ಹಾಗೆ ರೈತರ ಮುಂದಿಟ್ಟು ವಿಚಾರಿಸುವ ಪದ್ಧತಿ ಬೆಳೆದುಬರಲಿಲ್ಲ. ಬೆಟ್ಟುಗದ್ದೆಯ ಒಕ್ಕಲಿಗನೂ ಪಾವಗಡದ ಕೂಲಿಯವನೂ ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಈ ವಾದದಲ್ಲಿ ಸಾಕ್ಷ್ಯವಾಗಿ ಬಂದಿದ್ದಾರೆಯೇ ಹೊರತು ವಾದಿಗಳಾಗಿ ಬಂದಿಲ್ಲ. ಕಾರಂತರು ಪ್ರಜಾವರದಿಯನ್ನು ಕನ್ನಡಕ್ಕೆ ತಂದಂತೆ ಸಂಧಾನದ ಕಾಗದಪತ್ರಗಳನ್ನೂ ದೇಶಭಾಷೆಗಳಿಗೆ ತರುವುದು ಈ ಕೊರತೆಯನ್ನು ತುಂಬುವ ಕೆಲಸಗಳಲ್ಲಿ ಮೊದಲನೆಯದು.